ಅಪ್ಪ ಏನಂದ್ರು?

ಬೇರೆ ಮನೆಗಳಲ್ಲಿ ಊಟಕ್ಕೆ ಕೂತವರು ಉಪ್ಪು ಕಮ್ಮಿ, ಖಾರ ಜಾಸ್ತಿ ಎಂದು ಜಗಳವಾಡುತ್ತಾರೆ. ಬೈಂಡರ್ ಮನೆಯಲ್ಲಿ ಮಾತ್ರ ಕಾದಂಬರಿಯ ನಾಯಕ ಮಾಡಿದ್ದು ಸರಿಯೋ ತಪ್ಪೋ ಎಂದು ಜಗಳ ಹತ್ತಿ, ತಟ್ಟೆಯಲ್ಲಿದ್ದದ್ದು ತಣ್ಣಗಾಗಿ, ಕೊನೆಗೆ ಮನೆಯಾಕೆ ಸೌಟು ಕುಟ್ಟಿ, "ಆ ಮಹಾರಾಯ ಬದುಕಲಿ ಸಾಯಲಿ, ನೀವು ಮೊದ್ಲು ಉಣ್ಣಿ" ಅನ್ನಬೇಕಾಗುತ್ತಿತ್ತು.

ಇದಕ್ಕೆಲ್ಲ ಮೂಲ ಯಜಮಾನನ ಕಸುಬು. ಗ್ರಂಥಾಲಯದ ಹಳೆಯ ಪುಸ್ತಕಗಳು ಬೆನ್ನು ಮುರಿದುಕೊಂಡು ಅವನ ಹತ್ತಿರ ಬರುತ್ತಿದ್ದವು. ಅವನು ಹಳೇ ದಾರ ಕಿತ್ತು, ಹದಿನಾರು ಪುಟಕ್ಕೊಂದರಂತೆ ಫಾರಂಗಳನ್ನು ಬಿಡಿಸಿ, ತಿರುಗಿ ಕೈಯಲ್ಲೇ ಹೊಲಿದು, ರಟ್ಟು ಹಾಕಿ ಕಳಿಸುತ್ತಿದ್ದ. ಬಿಚ್ಚಿದ ಪುಸ್ತಕವನ್ನು ಓದದೆ ಹೊಲಿಯಬಾರದು ಎನ್ನುವುದು ಅವನ ಹಟ. ಹಾಗಾಗಿ ಬಿಡಿ ಫಾರಂಗಳು ಮನೆಯಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದವು. ಮೊದಲು ಅವನು, ಆಮೇಲೆ ಹೆಂಡತಿ, ಆಮೇಲೆ ಮಗ, ಮಗಳು. ಒಬ್ಬರು ಕಥೆಯ ಮದುವೆ ಮನೆಯಲ್ಲಿದ್ದರೆ ಇನ್ನೊಬ್ಬರು ಇನ್ನೂ ಹುಡುಗಿ ನೋಡುವುದರಲ್ಲೇ ಇರುತ್ತಿದ್ದರು. ಮುಂದಿರುವವರು ಹಿಂದಿರುವವರಿಗೆ ಕಥೆ ಹೇಳುವಂತಿಲ್ಲ. ಅಭಿಪ್ರಾಯ ಎಷ್ಟು ಬೇಕಾದರೂ ಹೇಳಬಹುದು. ಈ ಕಟ್ಟಳೆಯನ್ನು ಆ ಮನೆಯಲ್ಲಿ ಯಾರೂ ಮುರಿದವರಲ್ಲ.

ಮನೆಯಾಕೆಯನ್ನು ಬೀದಿಯೆಲ್ಲ ಟೈಲರಮ್ಮ ಎಂದೇ ಕರೆಯುತ್ತಿತ್ತು. ಹೊಸ ಬಟ್ಟೆ ಹೊಲಿಯುವುದು ಅವಳಿಗೆ ಅಪರೂಪ. ಯಾರೋ ಹೊಲಿದು ಕೆಡಿಸಿದ್ದನ್ನು ಸರಿಮಾಡುವುದೇ ಅವಳ ಕೆಲಸ. ಬಿಗಿಯಾದ ತೋಳು ಸಡಿಲಿಸುವುದು, ಉದ್ದವಾದ ಅಂಚು ಮಡಿಸುವುದು. ಇನ್ನೊಬ್ಬರ ಕೈ ಹೊಲಿಗೆಗೆ ತನ್ನ ಹೊಲಿಗೆ ಸೇರಿಸಿದರೆ ಎಲ್ಲಿ ಸೇರಿಸಿದಳೆಂದು ಬಟ್ಟೆಯ ಒಡೆಯನಿಗೂ ಗೊತ್ತಾಗುತ್ತಿರಲಿಲ್ಲ.

ಮಗಳನ್ನು ಅಪ್ಪ ಗಿಣಿ ಎನ್ನುತ್ತಿದ್ದ. ಶಾಲೆ ಮುಗಿಸಿದ ಮೇಲೆ ಅವಳು ಅಪ್ಪನ ಜತೆಗೇ ಪುಸ್ತಕ ಹೊಲಿಯುವ ಮಣೆಯ ಮುಂದೆ ಕೂತು ಕಲಿತಳು. ಅವಳ ಹೊಲಿಗೆ ತನ್ನದಕ್ಕಿಂತ ನೇರ ಎಂದು ಅವನೇ ಬಂದವರಿಗೆಲ್ಲ ತೋರಿಸುತ್ತಿದ್ದ. ಅಂಥವಳು ಒಂದು ದಿನ, ಪಕ್ಕದ ರಸ್ತೆಯ ದೊಡ್ಡ ಪ್ರೆಸ್ಸಿನಲ್ಲಿ ಗಮ್ ಬೈಂಡಿಂಗ್ ಯಂತ್ರ ನಡೆಸುವ ಕೆಲಸ ಹಿಡಿದಳು. ಬೆನ್ನು ಕತ್ತರಿಸಿ, ಬಿಸಿ ಗೋಂದು ಬಳಿದು, ಹೊದಿಕೆ ಅಂಟಿಸಿ ಆಚೆಗೆ ತಳ್ಳುವ ಯಂತ್ರ ಅದು.

"ದಾರ ಬಿಟ್ಟು ಗೋಂದಿಗೆ ಹೋದೋಳು ನನ್ನ ಮುಖ ನೋಡೋದು ಬೇಡ" ಎಂದ ಬೈಂಡರ್.

"ನಿಮ್ಮ ದಾರ ಹಿಡ್ಕೊಂಡು ಕೂತ್ರೆ ನಾನೂ ನಿಮ್ ಥರಾನೇ ಇಲ್ಲೇ ಗೂನಾಗ್ತೀನಿ" ಎಂದಳು ಗಿಣಿ.

ಅಷ್ಟೇ. ಅವಳು ಬಾಡಿಗೆ ಕೋಣೆಗೆ ಹೋದಳು. ಅಪ್ಪ ಮಗಳ ಮಾತು ನಿಂತಿತು.

ಎರಡು ವರ್ಷದ ಮೇಲೆ ಬೈಂಡರನ ಕಾಲುಗಳು ಊದಿಕೊಂಡವು, ಉಸಿರು ಕಟ್ಟತೊಡಗಿತು. ಹೃದಯ ದೊಡ್ಡದಾಗಿದೆ ಎಂದರು ಡಾಕ್ಟರು. ಬೀದಿಯ ಹೆಂಗಸರು, "ಅವರ ಹೃದಯ ದೊಡ್ಡದು ಅಂತ ನಮಗೆ ಮುಂಚೇನೇ ಗೊತ್ತಿತ್ತಲ್ಲ" ಎಂದಾಗ ಟೈಲರಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಂಚವನ್ನು ಮುಂದಿನ ಕೋಣೆಗೆ ತಂದು, ಅಡುಗೆಮನೆಯ ಗೋಡೆಗೆ ಒತ್ತಿ ಹಾಕಿದರು. ವಿಷಯ ತಿಳಿದ ಗಿಣಿ ಒಂದು ಚೀಲ ಹಿಡಿದು ಹಿತ್ತಿಲ ಬಾಗಿಲಿಂದ ಒಳಗೆ ಬಂದಳು.

"ನಾನೇನು ಅವರ ಮುಖ ನೋಡೋಕೆ ಬಂದಿಲ್ಲಮ್ಮ. ನಿನ್ನ ಬೆನ್ನು ಬಗ್ಗಿ ಹೋಗ್ತಿದೆ, ಅದಕ್ಕೆ ಬಂದೆ."

ಬೈಂಡರ್ ಪಾತ್ರೆ ಸದ್ದು ಕೇಳಿಯೇ ತಿಳಿದುಕೊಂಡ. "ಇರಲಿ. ಈ ಕೋಣೆಗೆ ಕಾಲಿಡೋದು ಬೇಡ" ಎಂದ.

ಹೀಗೆ ಒಂದೇ ಗೋಡೆಯ ಎರಡು ಮಗ್ಗುಲಲ್ಲಿ ಇಬ್ಬರೂ ಉಳಿದರು. ಗಿಣಿ ಪ್ರೆಸ್ಸಿಗೆ ಹೋಗಿ ಬಂದು ಅಡುಗೆ ಮಾಡುವಳು, ಅಪ್ಪನ ಹಾಸಿಗೆ ಬಟ್ಟೆ ಒಗೆಯುವಳು. ಬಸ್ ಓಡಿಸುವ ಮಗ ಡ್ಯೂಟಿಗೆ ಹೋಗುವ ಮುಂಚೆ ಅಪ್ಪನನ್ನು ಎತ್ತಿ ಕೂರಿಸಿ, ಮೈ ಒರೆಸಿ, ಗಡ್ಡ ಕೆರೆದು ಹೋಗುವನು. ಟೈಲರಮ್ಮ ಮುಂದಿನ ಕೋಣೆಗೂ ಅಡುಗೆಮನೆಗೂ ನಡುವೆ ತಟ್ಟೆ, ಮಾತ್ರೆ, ಬಟ್ಟೆ ಹೊತ್ತು ಓಡಾಡುವಳು. ಫಾರಂಗಳನ್ನೂ ಅವಳೇ ಹೊರುತ್ತಿದ್ದಳು.

ಹೌದು, ಫಾರಂಗಳು. ಬೈಂಡರ್ ಮಲಗುವ ಮುಂಚೆ ಬಿಚ್ಚಿಟ್ಟಿದ್ದ ಒಂದು ದಪ್ಪ ಹಳೇ ಕಾದಂಬರಿ ಮಣೆಯ ಮೇಲೆ ಬಿಡಿಬಿಡಿಯಾಗಿ ಬಿದ್ದಿತ್ತು. ಅಕ್ಕ ತಮ್ಮನ ಕಥೆ. ಅಮ್ಮ ನೆಟ್ಟಿದ್ದ ಅಂಗಳದ ಮರವನ್ನು ತಮ್ಮ ಯಾರನ್ನೂ ಕೇಳದೆ ಕಡಿಸುತ್ತಾನೆ. ಅಕ್ಕ ಸಿಟ್ಟಿಗೆದ್ದು ಮನೆಯ ನಟ್ಟನಡುವೆ ಗೋಡೆ ಹಾಕಿಸುತ್ತಾಳೆ. ಇಬ್ಬರೂ ಆಚೆ ಈಚೆ ಒಬ್ಬರ ಕೆಮ್ಮು ಒಬ್ಬರು ಕೇಳಿಕೊಂಡು ಬದುಕುತ್ತಾರೆ. ಲೋಕದಲ್ಲಿ ಇಷ್ಟೊಂದು ಪುಸ್ತಕ ಇರುವಾಗ ಇದೇ ಬಂದು ಬಿಚ್ಚಿಕೊಂಡು ಕೂರಬೇಕಿತ್ತೇ ಎಂದು ಟೈಲರಮ್ಮ ಮನಸ್ಸಿನಲ್ಲೇ ಗ್ರಂಥಾಲಯದವರನ್ನು ಬೈದುಕೊಂಡಳು.

ಬೈಂಡರ್ ದಿನಕ್ಕೆ ಒಂದೋ ಅರ್ಧವೋ ಫಾರಂ ಓದುತ್ತಿದ್ದ. ಓದಿ ಮುಗಿಸಿದ್ದನ್ನು ಟೈಲರಮ್ಮ ಹೊಲಿಗೆಯಂತ್ರದ ಪಕ್ಕದಲ್ಲಿಟ್ಟುಕೊಂಡು ಓದಿ, ಅಡುಗೆಮನೆಯ ಗೂಡಿನಲ್ಲಿಡುತ್ತಿದ್ದಳು. ಯಾರಿಗೂ ಓದಿ ಎಂದು ಹೇಳಲಿಲ್ಲ. ಮಾರನೇ ದಿನ ನೋಡಿದರೆ ಫಾರಂ ಇಟ್ಟ ಹಾಗೆ ಇರುತ್ತಿರಲಿಲ್ಲ. ಅಂಚಿನಲ್ಲಿ ಒದ್ದೆ ಬೆರಳಿನ ಗುರುತಿರುತ್ತಿತ್ತು.

ಒಂದು ಸಂಜೆ ಅಡುಗೆಮನೆಯಲ್ಲಿ ಅಮ್ಮ ಮಕ್ಕಳು ಮೂವರೂ ಊಟಕ್ಕೆ ಕೂತಿದ್ದಾಗ ಗಿಣಿ ತಟ್ಟೆಯಿಂದ ಕಣ್ಣೆತ್ತದೆ ಕೇಳಿದಳು.

"ಅಪ್ಪ ಏನಂದ್ರು?"

"ಯಾವುದಕ್ಕೆ?"

"ಗೋಡೆ ಹಾಕಿಸಿದ್ದಕ್ಕೆ."

ಎರಡು ವರ್ಷದಲ್ಲಿ ಮಗಳ ಬಾಯಲ್ಲಿ ಅಪ್ಪ ಎಂಬ ಮಾತು ಬಂದದ್ದು ಅದೇ ಮೊದಲು. ಬೈಂಡರ್ ಆ ಮಧ್ಯಾಹ್ನ ನಿಜಕ್ಕೂ ಹೇಳಿದ್ದು ಹೀಗೆ: "ಅಕ್ಕ ಮಾಡಿದ್ದೇ ಸರಿ. ಗೋಡೆ ಹಾಕಿಸಿದ್ದು ಸಾಲದು, ಮೇಲೆ ಗಾಜಿನ ಚೂರೂ ನೆಡಿಸಬೇಕಿತ್ತು." ಅದನ್ನು ಹೇಗೆ ತಂದು ಮಗಳ ತಟ್ಟೆಗೆ ಬಡಿಸುವುದು?

"ಗೋಡೆ ಸ್ವಲ್ಪ ಎತ್ತರವಾಯ್ತು ಅಂದ್ರು" ಎಂದುಬಿಟ್ಟಳು.

"ಹಂಗಂದ್ರಾ?" ಗಿಣಿ ತಲೆಯೆತ್ತಿದಳು. ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು. ಅದನ್ನು ಮುರಿಯುತ್ತ, "ಆ ಅಕ್ಕಂಗೆ ಮರದ ಮೇಲಿರೋ ಪ್ರೀತಿ ತಮ್ಮನ ಮೇಲಿಲ್ಲ. ಹೋಗಿ ಬೊಡ್ಡೇನೇ ತಬ್ಕೊಂಡಿರಲಿ" ಎಂದಳು.

ಅತ್ತ ಬೈಂಡರ್ ಗಂಜಿ ಕುಡಿಯುತ್ತ, "ಅಲ್ಲೇನು ಗುಸುಗುಸು? ಅವಳೇನಂದ್ಲು?" ಎಂದು ಕೇಳಿದ.

"ಮರ ಕಡಿಸೋಕೆ ಮುಂಚೆ ತಮ್ಮ ಅಕ್ಕನ್ನ ಒಂದು ಮಾತು ಕೇಳಬೇಕಿತ್ತು ಅಂದ್ಲು ರೀ."

ಬೈಂಡರನ ಕೈಯ ಚಮಚ ಬಟ್ಟಲಲ್ಲೇ ನಿಂತಿತು. "ಗಿಣಿ ಹಂಗಂದ್ಲಾ?" ಎಂದ. ಆ ಹೆಸರನ್ನೂ ಅವನು ಎರಡು ವರ್ಷ ನುಂಗಿಕೊಂಡಿದ್ದ. ಆ ದಿನ ಗಂಜಿ ತಳ ಕಾಣುವವರೆಗೂ ಕುಡಿದ.

ಟೈಲರಮ್ಮನಿಗೆ ಆಮೇಲೆ ಹಿಡಿಯುವವರೇ ಇಲ್ಲವಾಯಿತು. ಗಂಡ, "ತಮ್ಮ ಬಂದು ಕಾಲು ಹಿಡೀಲಿ" ಎಂದರೆ ಅಡುಗೆಮನೆಯಲ್ಲಿ ಅದು, "ತಮ್ಮನನ್ನ ನೆನೆದ್ರೆ ಕರುಳು ಚುರುಕ್ ಅನ್ನುತ್ತೆ, ದೊಡ್ಡೋಳೇ ಮೊದ್ಲು ಕರೀಬೇಕು ಅಂದ್ರು" ಎಂದಾಗುತ್ತಿತ್ತು. ಮಗಳು, "ಕಲ್ಲಿನಂಥ ಹೆಂಗಸು, ಅವಳ ಬಾಗಿಲಿಗೆ ಯಾರು ಹೋಗ್ತಾರೆ" ಎಂದರೆ ಮುಂದಿನ ಕೋಣೆಯಲ್ಲಿ ಅದು, "ತಮ್ಮನೇ ಹೋಗಬೇಕು, ಅವನಿಗೆ ಹೋಗೋಕೆ ಆಸೆ ಇದೆ, ಮುಖ ಇಲ್ಲ ಅಂದ್ಲು" ಎಂದಾಗುತ್ತಿತ್ತು. ಸುಳ್ಳು ಹೇಳುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಬಿಗಿಯಾದದ್ದನ್ನು ಸ್ವಲ್ಪ ಬಿಡುತ್ತಿದ್ದೇನೆ, ಅಷ್ಟೇ ಅಂದುಕೊಂಡಳು.

ಮನೆಯೂ ಬದಲಾಯಿತಲ್ಲ. ಡಾಕ್ಟರು ಉಪ್ಪು ಬಿಡಿಸಿದ್ದರಿಂದ ಬೈಂಡರ್ ತಟ್ಟೆ ತಳ್ಳುತ್ತಿದ್ದ. ಗಿಣಿ ಬೇಳೆಗೆ ಬೆಳ್ಳುಳ್ಳಿ ಹುರಿದು ಹಾಕಿ, ನಿಂಬೆ ಹಿಂಡಿ ಕಳಿಸಿದಳು.

"ಇವತ್ತು ಮಾಡಿದ್ದು ಯಾರು?"

"ನಾನೇ ರೀ."

"ನಿನ್ನ ಕೈ ನಂಗೊತ್ತಿಲ್ವೇನೇ. ಇನ್ನೊಂಚೂರು ಹಾಕು."

ಮಗನ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ, ಅವನಾಗಿಯೇ ಗಟ್ಟಿಯಾಗಿ ಹೇಳುತ್ತಿದ್ದ. "ಇಬ್ರಿಗೂ ಮಾಡೋಕೆ ಬೇರೆ ಕೆಲಸ ಇಲ್ಲ. ಬೆಳಿಗ್ಗೆ ನನ್ನ ಬಸ್ಸಲ್ಲಿ ಒಂದಿನ ನಿಂತ್ಕೊಂಡು ಹೋಗಲಿ, ಅಕ್ಕ ತಮ್ಮ ಇಬ್ರೂ ಒಂದೇ ಕಂಬಿಗೆ ನೇತು ಬೀಳ್ತಾರೆ." ಗಿಣಿ ನಕ್ಕಳು. ಗೋಡೆಯಾಚೆ ಬೈಂಡರನೂ ನಕ್ಕು ಕೆಮ್ಮಿದ್ದು ಕೇಳಿಸಿತು. ಮಗಳು ನಗು ನಿಲ್ಲಿಸಿ ಆ ಕೆಮ್ಮು ನಿಲ್ಲುವವರೆಗೂ ಗೋಡೆಯನ್ನೇ ನೋಡಿದಳು.

ಆದರೆ ಫಾರಂಗಳು ಕರಗುತ್ತ ಬಂದ ಹಾಗೆ ಟೈಲರಮ್ಮ ಎಣಿಸದೇ ಇದ್ದದ್ದೊಂದು ನಡೆಯಿತು. ಬೈಂಡರ್ ಸಂಜೆಯಾಗುತ್ತಲೇ ಒಗೆದ ಶರ್ಟು ಕೇಳತೊಡಗಿದ. ತಲೆ ಬಾಚಿಸಿಕೊಂಡು ಬಾಗಿಲ ಕಡೆ ಮುಖ ಮಾಡಿ ಕೂರುತ್ತಿದ್ದ. ಇತ್ತ ಗಿಣಿ ರಜೆಯ ದಿನವೂ ಹೊರಗೆ ಹೋಗಲಿಲ್ಲ. ಗೆಳತಿಯರು ಕರೆದರೆ, "ಮನೇಲಿ ಕರೆದ್ರೆ ಇರಬೇಕು" ಎನ್ನುತ್ತಿದ್ದಳು. ಬಕೆಟ್ಟಿಗೆ ನೀರು ಬಿಟ್ಟರೆ ಅದರ ಸದ್ದಿಗೆ ಕರೆದದ್ದು ಕೇಳದೆ ಹೋದೀತೆಂದು ನಲ್ಲಿ ಸಣ್ಣಗೆ ತಿರುಗಿಸುತ್ತಿದ್ದಳು.

"ಹೋಗೇ, ಒಂದ್ಸಲ ಒಳಗೆ ಹೋಗಿ ನಿಂತ್ಕೋ" ಎಂದಳು ಟೈಲರಮ್ಮ.

"ಅಪ್ಪನೇ ಅಂದಿದಾರಲ್ಲಮ್ಮ, ದೊಡ್ಡೋಳೇ ಮೊದ್ಲು ಕರೀಬೇಕು ಅಂತ. ಇನ್ನೇನು ಕರೀತಾರೆ. ನಾನೇ ಹೋಗಿ ನಿಂತ್ರೆ ಅವರು ಬಾಯಿಗೆ ತಂದ್ಕೊಂಡಿದ್ದನ್ನ ಕಿತ್ಕೊಂಡ ಹಾಗಾಗುತ್ತೆ. ಅವರಾಗೇ ಕರೀಲಿ."

ಟೈಲರಮ್ಮ ಮುಂದಿನ ಕೋಣೆಗೆ ಹೋದಳು. "ಒಂದು ಕೂಗು ಹಾಕಿ ರೀ, ಇಲ್ಲೇ ಇದಾಳೆ."

"ಬೇಡ ಕಣೇ. ತಮ್ಮನೇ ಹೋಗಬೇಕು ಅಂತ ಅವಳೇ ಅಂದಿದಾಳೆ. ಕರೆದು ಬಂದ್ರೆ ಅದು ನನ್ನ ಹುಕುಂ ಆಗುತ್ತೆ. ತಾನಾಗೇ ಬರ್ತಾಳೆ. ಇವತ್ತಲ್ಲ ನಾಳೆ ಬರ್ತಾಳೆ, ನೋಡು."

ಟೈಲರಮ್ಮ ಎರಡು ಕೋಣೆಗಳ ನಡುವಿನ ಹೊಸ್ತಿಲ ಮೇಲೆ ಕೂತಳು. ಇಬ್ಬರನ್ನೂ ಬಾಗಿಲ ತನಕ ತಂದವಳು ಅವಳೇ, ಅಲ್ಲೇ ನಿಲ್ಲಿಸಿದವಳೂ ಅವಳೇ.

ಮಗನಿಗೆ ಅಷ್ಟರಲ್ಲಿ ವಾಸನೆ ಹತ್ತಿತ್ತು. ಒಂದು ಬೆಳಿಗ್ಗೆ ಅಪ್ಪನ ಗಡ್ಡ ಕೆರೆಯುವಾಗ ಕೇಳಿದ ಮಾತು ಸಂಜೆ ಅಡುಗೆಮನೆಯಲ್ಲಿ ಬೇರೆಯೇ ಆಗಿ ಬಂದಿತ್ತು. ಮಾರನೇ ಬೆಳಿಗ್ಗೆ ಅವನು ಅಮ್ಮನ ಹೊಲಿಗೆಯಂತ್ರದ ಹತ್ತಿರ ಬಂದು ನಿಂತ.

"ಅಮ್ಮ, ನಾನಲ್ಲೇ ಇದ್ದೆ. ಅಪ್ಪ ಹಂಗೆ ಹೇಳಲೇ ಇಲ್ಲ."

"ಸ್ವಲ್ಪ ಸಡಿಲ ಮಾಡ್ದೆ ಕಣೋ."

"ಸಡಿಲ ಅಲ್ಲ ಅದು. ತೋಳು ಕಿತ್ತು ಬೇರೆ ತೋಳು ಹಚ್ಚಿದ್ದೀಯ. ಇವತ್ತೇ ಇಬ್ರಿಗೂ ಹೇಳಿಬಿಡು."

"ಹೇಳಿದ್ರೆ ಅವರು ತಿರುಗಿ ಮುಖ ತಿರುಗಿಸ್ತಾರೆ. ಇವಳು ಚೀಲ ಹಿಡಿದು ಹೋಗ್ತಾಳೆ. ಪುಸ್ತಕ ಮುಗೀಲಿ. ಇನ್ನೇನು, ಕೊನೇ ಫಾರಂ ಒಂದು ಉಳಿದಿದೆ."

"ಪುಸ್ತಕ ಮುಗಿಯೋದು ಇರಲಿ, ಅಪ್ಪನ್ನ ನೋಡ್ದ್ಯಾ? ಎತ್ತಿದ್ರೆ ಹತ್ತಿ ಥರ ಬರ್ತಾರೆ."

ಮಗ ಡ್ಯೂಟಿಗೆ ಹೊತ್ತಾಯಿತೆಂದು ಹೋಗಿಬಿಟ್ಟ.

ಕೊನೆಯ ಫಾರಂ ಬೈಂಡರ್ ಓದಿ ಮುಗಿಸಿದ್ದು ಒಂದು ಬೆಳಗಿನ ಹೊತ್ತು. ಮಗ ಬಸ್ಸಿಗೆ ಹೋಗಿದ್ದ. ಗಿಣಿ ಹಿತ್ತಿಲ ಬಾಗಿಲೆಳೆದುಕೊಂಡು ಪ್ರೆಸ್ಸಿಗೆ ಹೋಗಿ ಇನ್ನೂ ಸ್ವಲ್ಪವೇ ಹೊತ್ತು. ಟೈಲರಮ್ಮ ಚಹಾ ತಂದರೆ ಅವನು ಫಾರಂ ಅನ್ನು ಎದೆಯ ಮೇಲಿಟ್ಟುಕೊಂಡು ಗೋಡೆಯ ಮೇಲೆ ಕೈಯಾಡಿಸುತ್ತಿದ್ದ.

"ಏನಾಯ್ತು ರೀ ಕೊನೇಲಿ?"

"ಕಥೆ ಹೇಳಬಾರದು. ನೀನೇ ಓದು." ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡ. "ನನ್ನ ಅಭಿಪ್ರಾಯ ಕೇಳು. ಇಷ್ಟು ದಿನ ಆ ತಮ್ಮನ್ನ ಸುಮ್ಮನೆ ಬೈದೆ. ಮರ ಹೋದ್ರೆ ಹೋಯ್ತು, ಅದೇನು ತಿರುಗಿ ಬರುತ್ತಾ. ದೊಡ್ಡೋಳು ಮೊದ್ಲೇ ಗೋಡೆ ತಟ್ಟಬೇಕಿತ್ತು. ತಪ್ಪು ನಂದು." ಆಮೇಲೆ ತಿದ್ದಿಕೊಂಡ. "ಅಂದ್ರೆ, ಅಕ್ಕಂದು."

ಟೈಲರಮ್ಮ ಚಹಾ ಕೆಳಗಿಟ್ಟಳು. ಇಷ್ಟು ವಾರದಲ್ಲಿ ಮೊದಲ ಸಲ ಆ ಬಾಯಿಂದ ಒಂದಕ್ಷರವೂ ತಿದ್ದಬೇಕಿಲ್ಲದ ಮಾತು ಬಂದಿತ್ತು. "ಪ್ರೆಸ್ಸಿಗೆ ಹೋಗಿ ಕರ್ಕೊಂಡು ಬರ್ಲಾ?" ಎಂದಳು.

"ಬೇಡ. ಕೆಲಸ ಕೆಡಿಸಬೇಡ ಅವಳದ್ದು. ಸಂಜೆ ಬರಲಿ. ಬಂದ ಕೂಡಲೇ ನಾನೇ ಗೋಡೆ ತಟ್ಟಿ ಕರೀತೀನಿ. ನೀನು ಮುಂಚೇನೇ ಹೇಳಿಬಿಟ್ಟೀಯ ಮತ್ತೆ. ನೀನು ಹೇಳಿದ್ರೆ ಅದು ನಿನ್ನ ಮಾತಾಗುತ್ತೆ." ಬೈಂಡರ್ ನಕ್ಕ. "ಆ ನೀಲಿ ಶರ್ಟು ಕೊಡು. ಅವಳೇ ತಂದಿದ್ದು ಅದು."

ನೀಲಿ ಶರ್ಟು ಹಾಕಿ ನೋಡಿದರೆ ಅದರಲ್ಲಿ ಇನ್ನೊಬ್ಬ ಬೈಂಡರ್ ಹಿಡಿಸುವಷ್ಟು ಜಾಗವಿತ್ತು. ಮಗಳು ನೋಡಿದರೆ ನೊಂದುಕೊಳ್ಳುತ್ತಾಳೆ ಎಂದ ಅವನು. ಮಧ್ಯಾಹ್ನ ಟೈಲರಮ್ಮ ಆ ಶರ್ಟನ್ನು ಯಂತ್ರಕ್ಕೆ ಕೊಟ್ಟು ಎರಡೂ ಮಗ್ಗುಲು ಬಿಗಿ ಮಾಡಿದಳು, ಕಾಲರಿನ ಗುಂಡಿ ಸರಿಸಿ ಹಾಕಿದಳು. ಅವಳಿಗೆ ಆ ಹೊತ್ತು ಎಷ್ಟು ಹಗುರ ಎನ್ನಿಸಿತ್ತೆಂದರೆ ಯಂತ್ರ ತುಳಿಯುತ್ತ ಗುನುಗುತ್ತಿದ್ದಳು. ಶರ್ಟು ಕೊಡವಿಕೊಂಡು ಮುಂದಿನ ಕೋಣೆಗೆ ಬಂದಾಗ ಬೈಂಡರ್ ಗೋಡೆಯ ಕಡೆ ತಿರುಗಿ ಮಲಗಿದ್ದ. ಏಳಿಸಿದಳು. ಏಳಲಿಲ್ಲ. ಇನ್ನೊಂದು ಸಲ, ಇನ್ನೂ ಒಂದು ಸಲ ಏಳಿಸಿದಳು.

ಗಿಣಿ ಬಂದಾಗ ಬಾಗಿಲಲ್ಲಿ ಜನ ಇದ್ದರು. ಎರಡು ವರ್ಷದ ಮೇಲೆ ಆ ಕೋಣೆಗೆ ಕಾಲಿಟ್ಟವಳು ಅಮ್ಮ ತೊಡಿಸಿದ್ದ ನೀಲಿ ಶರ್ಟಿನಲ್ಲಿ ಮಲಗಿದ್ದ ಅಪ್ಪನನ್ನು ನೋಡಿದಳು. "ಯಾಕೆ ಕರೀಲಿಲ್ಲ?" ಎಂದು ಅವನನ್ನೇ ಕೇಳಿದಳು.

ಬಂದವರೆಲ್ಲ ಹೋಗಿ, ನೆರೆಯವರು ಕಳಿಸುತ್ತಿದ್ದ ಊಟವೂ ನಿಂತು, ಮನೆಯಲ್ಲಿ ತಿರುಗಿ ಒಲೆ ಹಚ್ಚಿದ ದಿನ ಮೂವರೂ ಅಡುಗೆಮನೆಯಲ್ಲಿ ಕೂತರು. ಗಿಣಿ ಬೇಳೆಗೆ ಉಪ್ಪು ಹಾಕಿರಲಿಲ್ಲ. ಮಗ ಒಂದು ತುತ್ತು ಬಾಯಿಗಿಟ್ಟು, ಉಪ್ಪು ಕೇಳದೆ ನುಂಗಿದ.

"ಮೋಸ ಮಾಡಿದ್ರು ಅಪ್ಪ" ಎಂದಳು ಗಿಣಿ.

"ಹಂಗನ್ನಬೇಡ್ವೇ."

"ಇನ್ನೇನನ್ನಲಿ? ಅಕ್ಕನೇ ಕರೀಬೇಕು, ಅಕ್ಕನೇ ಕರೀಬೇಕು ಅಂತ ಪುಸ್ತಕದ ಬಗ್ಗೆ ಎಷ್ಟು ಚೆನ್ನಾಗಿ ಹೇಳಿದ್ರು. ಅವರದ್ದೇ ಸರದಿ ಬಂದಾಗ ಬಾಯಿ ಬರಲಿಲ್ಲ. ಬರೀ ಬಾಯಿಮಾತಿನ ಮನುಷ್ಯ. ನಾನು ನಲ್ಲೀನೂ ಜೋರಾಗಿ ಬಿಡದೆ ಕಾದೆನಲ್ಲಮ್ಮ."

ಸತ್ತ ಗಂಡನ ಮೇಲೆ ಆ ಮಾತು ಬಿದ್ದದ್ದನ್ನು ಟೈಲರಮ್ಮನಿಂದ ತಡೆಯಲಾಗಲಿಲ್ಲ. ಮಗ, ಬೇಡ ಎಂಬಂತೆ ತಲೆಯಾಡಿಸಿದ. ಅವಳು ಹೇಳಿಯೇಬಿಟ್ಟಳು.

"ಅವರು ಹಂಗೆ ಹೇಳಿರಲಿಲ್ಲ ಕಣೇ. ಹೇಳಿದ್ದು ನಾನು."

"ಏನು?"

"ಎಲ್ಲಾನೂ. ಆ ಕಡೆದು ಈ ಕಡೆಗೆ, ಈ ಕಡೆದು ಆ ಕಡೆಗೆ. ತಿದ್ದಿ ತಿದ್ದಿ ತಂದೆ."

ಗಿಣಿ ತಟ್ಟೆ ಕೆಳಗಿಟ್ಟಳು. "ಗೋಡೆ ಎತ್ತರವಾಯ್ತು ಅಂದಿದ್ದು?"

"ಮೇಲೆ ಗಾಜಿನ ಚೂರು ನೆಡಿಸಬೇಕಿತ್ತು ಅಂದಿದ್ರು."

"ನನ್ನ ಮಾತು ಏನಂತ ಹೇಳ್ದೆ ಅವರಿಗೆ?"

"ತಮ್ಮಂಗೆ ಹೋಗೋಕೆ ಆಸೆ ಇದೆ ಅಂತ."

"ಅಂದ್ರೆ ನಾನು ಬರ್ತೀನಿ ಅಂತ ಅವರು ಕಾಯ್ತಿದ್ರು."

"ಹೂಂ."

"ದಿನಾ ಸಂಜೆ ಒಗೆದ ಶರ್ಟು ಕೇಳ್ತಿದ್ದಿದ್ದು ಅದಕ್ಕೇನಾ?"

ಗಿಣಿ ಎದ್ದು ಗೋಡೆಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತಳು.

"ಆದ್ರೆ ಕೊನೇದು ನಿಜ ಕಣೇ" ಟೈಲರಮ್ಮ ಅವಳ ಸೆರಗು ಹಿಡಿದುಕೊಂಡಳು. "ಅವತ್ತು ಬೆಳಿಗ್ಗೆ ಅವರೇ ಅಂದ್ರು. ದೊಡ್ಡೋಳು ಮೊದ್ಲೇ ಗೋಡೆ ತಟ್ಟಬೇಕಿತ್ತು, ತಪ್ಪು ನಂದು ಅಂದ್ರು. ಸಂಜೆ ಬಂದ ಕೂಡಲೇ ನಾನೇ ಕರೀತೀನಿ ಅಂದ್ರು. ಅದಕ್ಕೇ ನೀಲಿ ಶರ್ಟು ಕೇಳಿದ್ದು. ಅದರಲ್ಲಿ ಒಂದಕ್ಷರ ನಾನು ತಿದ್ದಿಲ್ಲ."

"ಸಾಕು ಅಮ್ಮ."

"ನಿನ್ನಾಣೆ."

ಗಿಣಿ ಅಣ್ಣನ ಕಡೆ ತಿರುಗಿದಳು. "ಅವತ್ತು ನೀನಿದ್ದ್ಯಾ ಅಲ್ಲಿ?"

ಮಗ ಅಮ್ಮನ ಮುಖ ನೋಡಿದ, ತಂಗಿಯ ಮುಖ ನೋಡಿದ. ಹೌದು ಎಂಬ ಮಾತು ಅವನ ಬಾಯಿಯ ತನಕ ಬಂದಿತ್ತು. "ಇಲ್ಲ. ನಾನು ಡ್ಯೂಟಿಗೆ ಹೋಗಿದ್ದೆ" ಎಂದ.

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಬೇಕಾದಷ್ಟೇ ಮಾತು ನಡೆಯಿತು. ನೀರು ಬಂತಾ, ಬಟ್ಟೆ ಒಣಗಿತಾ, ಇಷ್ಟೇ. ಟೈಲರಮ್ಮ ಉಂಡರೆ ಉಂಡಳು, ಬಿಟ್ಟರೆ ಬಿಟ್ಟಳು. ಕೊರಳ ಎಲುಬು ಎದ್ದು ಕಂಡಿತು. ಅವಳ ರವಿಕೆಯನ್ನು ಈಗ ಅವಳೇ ಬಿಗಿ ಮಾಡಿಕೊಳ್ಳಬೇಕಿತ್ತು, ಮಾಡಿಕೊಳ್ಳಲಿಲ್ಲ.

ಗ್ರಂಥಾಲಯದಿಂದ ಪುಸ್ತಕ ಕೇಳಿಕೊಂಡು ಜನ ಬಂದರು. ಆ ವಾರದ ರಜೆಯ ದಿನ ಗಿಣಿ ಬೈಂಡರನ ಮಣೆಯ ಮುಂದೆ ಕೂತಳು. ದಾರಕ್ಕೆ ಮೇಣ ಎಳೆದಳು, ಫಾರಂಗಳನ್ನು ಜೋಡಿಸಿದಳು. ಕೊನೆಯ ಫಾರಂ ಸಿಗಲಿಲ್ಲ. ಟೈಲರಮ್ಮ ಅದನ್ನು ತನ್ನ ತಲೆದಿಂಬಿನ ಕೆಳಗಿಂದ ತಂದು ಮಗಳ ಮುಂದಿಟ್ಟಳು. ಗಿಣಿ ಓದದೆ ಹೊಲಿಯಲಿಲ್ಲ. ಬಾಗಿಲ ಬೆಳಕಿಗೆ ಹಿಡಿದು ಹದಿನಾರು ಪುಟವನ್ನೂ ಓದಿದಳು. ಓದಿಯಾದ ಮೇಲೆ ಸ್ವಲ್ಪ ಹೊತ್ತು ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಆಮೇಲೆ ಅಪ್ಪನ ದಬ್ಬಳದಿಂದ ಅಪ್ಪನಿಗಿಂತ ನೇರವಾಗಿ ಹೊಲಿದು ಮುಗಿಸಿದಳು.

ಆ ಸಂಜೆ ಊಟಕ್ಕೆ ಕೂತಾಗ ಟೈಲರಮ್ಮ ತಟ್ಟೆ ಮುಟ್ಟದೆ ಮಗಳ ಮುಖವನ್ನೇ ನೋಡುತ್ತಿದ್ದಳು. ಕೇಳದೆ ಇರಲಾಗಲಿಲ್ಲ.

"ಕೊನೇ ಫಾರಂ ಓದಿದೆಯಲ್ಲ. ಏನನ್ನಿಸ್ತು?"

ಗಿಣಿ ಅಮ್ಮನ ತಟ್ಟೆ ನೋಡಿದಳು. ಆರಿದ ಅನ್ನ ಹಾಗೇ ಇತ್ತು. ಅಮ್ಮನ ಕೊರಳ ಎಲುಬು ನೋಡಿದಳು. ತುತ್ತು ಕಲಸುತ್ತ, ಕಣ್ಣು ಅನ್ನದ ಮೇಲಿಟ್ಟು ಹೇಳಿದಳು.

"ಅಪ್ಪ ಅವತ್ತು ಹೇಳಿದ್ದೇ ಸರಿ ಅಮ್ಮ. ದೊಡ್ಡೋಳು ಮೊದ್ಲೇ ತಟ್ಟಬೇಕಿತ್ತು. ಅವರು ಹಂಗೇ ಹೇಳಿರ್ತಾರೆ. ನಾನು ನಂಬ್ತೀನಿ. ಉಣ್ಣು ಈಗ."

ಮಗ ತಲೆಯೆತ್ತಿ ತಂಗಿಯನ್ನು ನೋಡಿ, ಸಮಾಧಾನದಿಂದ ಉಸಿರುಬಿಟ್ಟ. ಟೈಲರಮ್ಮನಿಗೆ ಆ ಸಮಾಧಾನ ಸಿಗಲಿಲ್ಲ. ಆ ದನಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗಂಡ ಇದ್ದಾಗ ವಾರಗಟ್ಟಲೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಅವಳು ಹೊತ್ತು ತಂದದ್ದು ಅಂಥ ತಿದ್ದಿದ ಮಾತನ್ನೇ. ಮಗಳು ಎಲ್ಲಿ ಬಿಚ್ಚಿ ಎಲ್ಲಿ ಸೇರಿಸಿದ್ದಾಳೆ ಎಂದೂ ಅವಳಿಗೆ ಕಾಣುತ್ತಿತ್ತು. ತಟ್ಟೆ ಹತ್ತಿರ ಎಳೆದುಕೊಂಡು, ಮಗಳು ನೋಡುತ್ತಿದ್ದಾಳೆಂದು, ಬಡಿಸಿದ್ದಷ್ಟನ್ನೂ ಉಂಡಳು.